ಮಹಾನಂದಾ ತಂದ ಲ್ಯಾಪ್‌ಟಾಪು

ತಮ್ಮನ ರೋಗಕ್ಕೆ ಔಷಧವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ದಿನ ಮಹಾನಂದಾ ಅಳಲಿಲ್ಲ. ಔಷಧಕ್ಕೆಂದೇ ವರ್ಷಗಟ್ಟಲೆ ಕೂಡಿಟ್ಟ ರೊಕ್ಕವನ್ನು ಇನ್ನು ಏನು ಮಾಡುವುದೆಂದು ತಮ್ಮೂರು ಇಳಕಲ್ ತಲುಪುವವರೆಗೂ ಬಸ್ಸಿನಲ್ಲಿ ಯೋಚಿಸುತ್ತಿದ್ದಳು.

ಅವಳು ಕೈಮಗ್ಗದಲ್ಲಿ ಸೀರೆ ನೇಯುವವಳು. ಅಪ್ಪ ಮೊದಲೇ ಹೋಗಿದ್ದ. ಅವ್ವ ಸತ್ತಾಗ ಅವಳಿಗೆ ಇಪ್ಪತ್ತೊಂದು, ತಮ್ಮ ರಾಜಕುಮಾರನಿಗೆ ಐದು. ಎಂಟನೆಯ ವರ್ಷಕ್ಕೆ ಹುಡುಗ ಓಡುವಾಗ ಎಡವತೊಡಗಿದ, ಹನ್ನೆರಡಕ್ಕೆ ಹಾಸಿಗೆ ಹಿಡಿದ. ಸ್ನಾಯು ಒಂದೊಂದಾಗಿ ಸೊರಗುತ್ತ ಹೋಗುವ ರೋಗ. ಮಹಾನಂದಾಳನ್ನು ನೋಡಲು ಬಂದವರು ಒಳಕೋಣೆಯತ್ತ ಒಮ್ಮೆ ಇಣುಕಿ, ಚಹಾ ಮುಗಿಸಿ ಎದ್ದು ಹೋಗುತ್ತಿದ್ದರು. ಆಮೇಲೆ ಬರುವುದನ್ನೂ ಬಿಟ್ಟರು.

ರಾಜಕುಮಾರನಿಗೆ ಹುಚ್ಚು ಅಂದರೆ ಕಂಪ್ಯೂಟರಿನ ಗಾಡಿ ಆಟ. ತಿಂಗಳಿಗೆ ಎರಡು ಸಲ ಅಕ್ಕ ಅವನನ್ನು ಆಟೋದಲ್ಲಿ ಸೈಬರ್ ಅಂಗಡಿಗೆ ಕರೆದೊಯ್ದು, ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಅಂಗಡಿ ಮೆಟ್ಟಿಲು ಹತ್ತಿ ಹೋಗುವ ಮಾಳಿಗೆಗೆ ಬದಲಾದ ಮೇಲೆ ಅದೂ ನಿಂತಿತು. ಈಗ, ಎರಡು ಸಾವಿರದ ಎಂಟರಲ್ಲಿ, ಅವನಿಗೆ ಹದಿನೆಂಟು. "ಕೈ ಇನ್ನೊಂದ ವರ್ಷ ನಡದ್ರ ನಡದೀತು" ಎಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು. ವಾರ ಕಳೆಯುವುದರೊಳಗೆ ಅವಳು ಬಾಗಲಕೋಟೆಯ ಸುಭಾನಸಾಬನ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತಿದ್ದಳು. ಮನೆಯಲ್ಲಿ ತಮ್ಮನ ಹತ್ತಿರ ಪಕ್ಕದ ಮನೆಯ ನಜಮಾ ಕೂತಿದ್ದಳು.

ಅವಳ ರೊಕ್ಕಕ್ಕೆ ಎರಡೇ ಲ್ಯಾಪ್‌ಟಾಪು ಸಿಗುವಂತಿದ್ದವು. ಸುಭಾನಸಾಬ ಎರಡನ್ನೂ ಮೇಜಿನ ಮೇಲೆ ತೆರೆದಿಟ್ಟ.

"ಇದರಾಗ ಚಿತ್ರಕ್ಕಂತನ ಬ್ಯಾರೆ ಕಾರ್ಡ್ ಐತ್ರಿ ಅಕ್ಕಾರ. ಗಾಡಿ ಆಟ ಛಲೋ ಓಡ್ತೈತಿ. ಆದ್ರ ಭಾರ ಭಾಳ, ಕರೆಂಟ್ ಹೋದ್ರ ಒಂದ ತಾಸಿನಾಗ ಬ್ಯಾಟರಿ ಬಿಡ್ತೈತಿ, ಸುಡ್ತೈತಿ. ಅದು ಹಗುರ, ಮೂರ್ ತಾಸು ತಡೀತೈತಿ. ಖರೆ ಅದರಾಗ ಆಟ ಓಡೂದಿಲ್ರಿ."

"ಎರಡೂ ಇದ್ದದ್ದು ಇಲ್ಲೇನ್ರಿ ಅಣ್ಣಾರ?"

"ನೀವ್ ತಂದ ರೊಕ್ಕಕ್ಕ ಇಲ್ರಿ. ಒಂದೆರಡ ವರ್ಷ ತಡೀರಿ, ಇದ ರೊಕ್ಕಕ್ಕ ಹಗುರಾಂದ ಬರ್ತೈತಿ."

 ಆಟದ ಲ್ಯಾಪ್‌ಟಾಪನ್ನು ಎತ್ತಿ ನೋಡಿದಳು. ದಿನವೂ ನೂಲಿನ ಕಟ್ಟು ಎತ್ತುವ ಕೈಗೇ ಅದು ಭಾರವೆನಿಸಿತು. ಕಾಲು ತಾಸು ಆಟ ಓಡಿಸಲು ಹೇಳಿ, ತಳಕ್ಕೆ ಅಂಗೈ ಹಚ್ಚಿದಳು, ತಕ್ಷಣ ತೆಗೆದಳು. ಬೇರೆ ಯಾರಿಗಾದರೂ ತೊಡೆ ಸುಟ್ಟರೆ ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ. ರಾಜನಿಗೆ ಸರಿಸಲು ಬರುವುದಿಲ್ಲ. ಅಂಗಡಿಯಿಂದಲೇ ಮನೆಗೆ ಫೋನು ಮಾಡಿದಳು. ನಜಮಾ ಫೋನನ್ನು ಅವನ ಕಿವಿಗೆ ಹಿಡಿದಳು.

"ಭಾಳ ಸುಡತೈತಿ ರಾಜಾ. ಹಗುರಾಂದು ತರ್ಲೇನು?"

"ಸುಟ್ರ ಕರೀತೇನಿ. ಬಾಯಿ ಐತೆಲ್ಲ ನಂಗ."

"ಅದು ಮೂರ್ ತಾಸು ನಡೀತೈತಂತ..."

"ಅದರಾಗ ಪತ್ರಾ ಬರೀಬೇಕಷ್ಟ. ನಾ ಯಾರಿಗಿ ಬರೀಲಿ?" ಆಮೇಲೆ ಅವನೇ ಅಂದ, "ಮುಂದಿನ ವರ್ಷ ಅಂತ ಮಾತ್ರ ಅನಬ್ಯಾಡ ಅಕ್ಕಾ."

ಡಾಕ್ಟರ ಮಾತು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವಳು ಕೇಳಲಿಲ್ಲ. ಭಾರದ್ದನ್ನೇ ಕೊಂಡಳು. ಹುನಗುಂದ ದಾಟುವಷ್ಟರಲ್ಲಿ ತೊಡೆಯ ಮೇಲಿದ್ದ ಡಬ್ಬಿಯ ಭಾರಕ್ಕೆ ಅವಳ ಕಾಲು ಜೋಮು ಹಿಡಿದಿತ್ತು. ತಪ್ಪು ಮಾಡಿದೆನೇನೋ ಎಂದು ಎರಡು ಸಲ ಅನಿಸಿತು. ಮತ್ತೊಂದನ್ನು ತಂದಿದ್ದರೂ ಹೀಗೇ ಅನಿಸುತ್ತಿತ್ತು.

ಮಗ್ಗ ಮಾಡುವ ಬಡಿಗ ಲ್ಯಾಪ್‌ಟಾಪು ಇಡಲು ಹಾಸಿಗೆಯ ಮೇಲೆ ನಿಲ್ಲುವಂಥ ಕಾಲಿನ ಪುಟ್ಟ ಹಲಗೆ ಮಾಡಿಕೊಟ್ಟ. ನಾಲ್ಕೈದು ತಿಂಗಳು ಮನೆಯಲ್ಲಿ ಗಾಡಿಗಳ ಸದ್ದು ತುಂಬಿತ್ತು. ಮಗ್ಗದ ಮುಂದೆ ಕೂತ ಮಹಾನಂದಾಗೆ ಒಳಗಿನಿಂದ "ಗೆದ್ನಿ ಅಕ್ಕಾ!" ಎಂಬ ಕೂಗು ಕೇಳುತ್ತಿತ್ತು. ಕರೆಂಟು ಹೋಗಿ ತಾಸಾದ ಮೇಲೆ ಆಟ ಅರ್ಧಕ್ಕೇ ಆರಿಹೋಗುತ್ತಿತ್ತು. ಅವನು ಮೇಲಿನ ಪಂಖಾ ತಿರುಗುವುದನ್ನೇ ಕಾಯುತ್ತ ಮಲಗಿರುತ್ತಿದ್ದ. ಕೈಮಗ್ಗಕ್ಕೆ ಕರೆಂಟು ಬೇಡವಾದ್ದರಿಂದ ಅವಳ ಕೆಲಸ ಮಾತ್ರ ನಡೆದೇ ಇರುತ್ತಿತ್ತು.

ಒಂದು ಮುಂಜಾನೆ ನಳದ ನೀರು ಬಂದಾಗ ಅವಳು ಹೊರಗಿದ್ದಳು. ಓಣಿಯ ಮೋಟಾರುಗಳೆಲ್ಲ ಒಟ್ಟಿಗೆ ಒದರುತ್ತಿದ್ದವು. ಕೊಡ ತುಂಬಿಸಿ ಒಳಗೆ ಬಂದರೆ, ಹಲಗೆ ವಾಲಿ ಲ್ಯಾಪ್‌ಟಾಪು ಅವನ ಮುಂಗೈ ಮೇಲೆ ಕೂತಿತ್ತು. ಚರ್ಮ ಕೆಂಪಾಗಿ ಉಬ್ಬಿತ್ತು. ಕೂಗಿ ಕೂಗಿ ಅವನ ದನಿ ಬಿದ್ದುಹೋಗಿತ್ತು.

"ಕೇಳಲಿಲ್ಲೋ ರಾಜಾ... ನಂಗ ಕೇಳಲಿಲ್ಲ."

"ಇರ್ಲಿ ಬಿಡು. ಮೊದ್ಲ ಅದನ್ನ ನೋಡು, ಕೆಟ್ಟಿಲ್ಲ ಹೌದಿಲ್ಲೋ?" ಎಂದ ಅವನು.

ಮುಂದಿನ ವರ್ಷದ ಮಳೆಗಾಲದ ಹೊತ್ತಿಗೆ ಅವನ ಎಡಗೈ ಬೆರಳು ಗುಂಡಿ ಒತ್ತದಾದವು. ಗಾಡಿ ಓಡಿಸಲು ಒಂದು ಬೆರಳು, ತಿರುಗಿಸಲು ಇನ್ನೊಂದು ಬೇಕು. ಸುಭಾನಸಾಬನಿಗೆ ಫೋನು ಹಚ್ಚಿ, ಒಂದೇ ಬೆರಳಿಗೆ ನಡೆಯುವಂಥದ್ದು ಏನಾದರೂ ಉಂಟೇ ಎಂದು ಕೇಳಿದಳು. "ನಂಗ ಗೊತ್ತಿದ್ದಷ್ಟು ಇಲ್ರಿ ಅಕ್ಕಾರ" ಎಂದ ಅವನು. 

ಆಮೇಲೆ ಆ ಇನ್ನೊಂದು ಬೆರಳು ಮಹಾನಂದಾಳದ್ದಾಯಿತು. ಮಧ್ಯಾಹ್ನ ಮಗ್ಗ ಬಿಟ್ಟು ಬಂದು ಅವನ ಪಕ್ಕ ಕೂರುತ್ತಿದ್ದಳು. "ಒತ್ತು. ಬಿಡು. ಈಗ ಒತ್ತು" ಎನ್ನುತ್ತಿದ್ದ. ಎಳೆ ತಪ್ಪದೆ ಸೀರೆ ನೇಯುವ ಆ ಕೈ ಇಲ್ಲಿ ಪ್ರತಿ ಸಲವೂ ಒಂದು ಚಣ ತಡವಾಗುತ್ತಿತ್ತು. ಗಾಡಿ ಗೋಡೆಗೆ ಬಡಿಯುತ್ತಿತ್ತು. ಅವನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ದಸರೆಯ ಹೊತ್ತಿಗೆ ಬಲಗೈಯೂ ಸೋತಿತು.

"ಅಕ್ಕಾ, ಪೂರಾ ನೀನ ಆಡು. ನಾ ದಾರಿ ಹೇಳ್ತೇನಿ," ಎಂದ ಒಂದು ದಿನ.

"ನಂಗ ಬರೂದಿಲ್ಲೋ."

"ನಂಗೂ ಬರೂದಿಲ್ಲ ಈಗ. ಆಡು."

ಅವಳು ಎರಡೂ ಕೈ ಗುಂಡಿಗಳ ಮೇಲಿಟ್ಟಳು. ಆರು ಗಾಡಿ ಹೊರಟವು, ಐದು ಮುಂದೆ ಹೋದವು. ಅವನು ಕತ್ತು ಎತ್ತಲಾರದೆ ಕಣ್ಣಷ್ಟೇ ಪರದೆಯತ್ತ ಹೊರಳಿಸಿ, "ಎಡಕ್ಕ... ಎಡಕ್ಕ..." ಅನ್ನುತ್ತಿದ್ದ. ಅವಳು ಎಡಕ್ಕೇ ಒತ್ತುತ್ತಿದ್ದಳು.