ಎಂಜಿನ್ ನಿಲ್ಲಿಸಿ ಅಳೆದ ಎಣ್ಣೆ

ನೇರವಾಗಿಯೇ ಹೇಳುತ್ತೇನೆ: ಯಾದಗಿರಿಯ ಗ್ಯಾರೇಜಿನ ಉಸ್ತಾದರೇ, ನೀವು ಬಿಚ್ಚಿ ಕಟ್ಟಿಕೊಟ್ಟ ಗೇರ್‌ಬಾಕ್ಸಿನ ದೋಷವನ್ನು ನನ್ನ ಅಕ್ಕನ ಎಡಗಾಲಿನ ಮೇಲೆ ಹೊರಿಸಿದಿರಿ. ಅಪ್ಪ ಅದನ್ನು ನಂಬಿದ. ನಿಮ್ಮ ಮಾತು ತಪ್ಪೆಂದು ತಿಳಿದಿದ್ದ ನಾನು ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದೆ. ನಿಮ್ಮಿಂದ ಲೆಕ್ಕ ಕೇಳುವ ಮೊದಲು ನನ್ನದನ್ನು ಒಪ್ಪಿಸಬೇಕು.

ನನ್ನ ಹೊಟ್ಟೆಕಿಚ್ಚು ಅಕ್ಕನ ಆ ಕಾರಿಗಿಂತ ಹಳೆಯದು. ಚಿಕ್ಕಂದಿನಲ್ಲಿ ಜ್ವರ ಬಂದು ಅಕ್ಕನ ಎಡಗಾಲು ಸೊರಗಿತು. ಅಂದಿನಿಂದ ಅಪ್ಪನ ಸೈಕಲ್ಲಿನ ಹಿಂದಿನ ಸೀಟು ಅವಳದಾಯಿತು. ನಾನು ಹಿಂದೆ ನಡೆದೆ. ಅವಳಿಗೆ ಕಲಬುರಗಿಯಲ್ಲಿ ಅಳತೆ ಕೊಟ್ಟು ಹೊಲಿಸಿದ ದಪ್ಪ ಅಟ್ಟೆಯ ಬೂಟು ಬಂತು. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಹಾಕಿಕೊಂಡು ಅಂಗಳದಲ್ಲಿ ಕುಂಟುತ್ತ ನಡೆದಿದ್ದೇನೆ. ಇಂದಿಗೂ ನಾಚಿಕೆಯಾಗುವುದು ಆ ಆಟಕ್ಕಲ್ಲ, ಬಿಚ್ಚಿಡುವಾಗ ಆದ ಸಂಕಟಕ್ಕೆ.

ಅಕ್ಕ ರಂಗಂಪೇಟೆಯ ಶಾಲೆಯಲ್ಲಿ ಶಿಕ್ಷಕಿಯಾದಳು. ಕ್ಲಚ್ ತುಳಿಯುವುದು ಅವಳಿಂದಾಗದು. ಆದ್ದರಿಂದ ಅಪ್ಪ ಹೈದರಾಬಾದಿನಿಂದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ತಂದ. ನಾನು ಸುರಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಶಹಾಪುರದ ನಮ್ಮ ಮನೆಯಿಂದ ಇಬ್ಬರದೂ ಒಂದೇ ದಾರಿ. “ಬಾ, ಕೂಡು” ಎಂದು ಅಕ್ಕ ದಿನವೂ ಕರೆಯುತ್ತಿದ್ದಳು. ಪಕ್ಕದ ಸೀಟು ನನಗೆ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಸ್ಟೇರಿಂಗು. ಬಸ್ಸಿಗೇ ಹೋಗುತ್ತಿದ್ದೆ. ಆದರೆ ಆ ಕಾರಿನ ಕೈಪಿಡಿಯನ್ನು ಮಾತ್ರ ಪರೀಕ್ಷೆಗೆ ಓದಿದಂತೆ ಓದಿದ್ದೆ. ನನ್ನದಲ್ಲದ್ದನ್ನು ಅದರ ಒಡತಿಗಿಂತ ಚೆನ್ನಾಗಿ ಬಲ್ಲೆನೆಂಬ ಸಮಾಧಾನಕ್ಕೆ.

ಗೇರ್‌ಬಾಕ್ಸ್ ಕೆಟ್ಟಾಗ ನಿಮ್ಮ ಬಳಿ ತಂದೆವು. ನೀವು ಹೊಸದಾಗಿ ಕಟ್ಟಿಕೊಟ್ಟ ಮೇಲೆ ಬೆಳಿಗ್ಗೆ ತಣ್ಣಗಿರುವಾಗ ಗಾಡಿ ಸರಿಯಾಗಿಯೇ ಓಡುತ್ತಿತ್ತು. ಹತ್ತಿಗುಡೂರು ದಾಟಿ ಬಿಸಿಯಾಯಿತೆಂದರೆ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಏರುವಾಗ ಎಂಜಿನ್ ಕಿರುಚುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಆಮೇಲೆ ಬೆನ್ನಿಗೆ ಗುದ್ದಿದಂತೆ ಒಂದು ಜಗ್ಗು. ಸುರಪುರದ ಏರಿನಲ್ಲಿ ಹಿಂದಿನ ಲಾರಿಯವನ ಬೈಗುಳವೆಲ್ಲ ಅಕ್ಕನಿಗೆ.

ಮತ್ತೆ ಬಂದೆವು. ನೀವು ಎಂಜಿನ್ ಆರಿಸಿ, ಚಹಾ ತರಿಸಿದಿರಿ. “ಎಣ್ಣಿ ಕುಂದರಲಿ, ಆಮ್ಯಾಗ ನೋಡೂಣು” ಎಂದಿರಿ. ಟ್ರ್ಯಾಕ್ಟರುಗಳ ಮೇಲೆ ಕೆಲಸ ಕಲಿತ ನಮ್ಮ ಕಡೆಯ ಕೈಗಳಿಗೆಲ್ಲ ಅದೇ ರೂಢಿ: ಎಂಜಿನ್ ನಿಂತು, ಎಣ್ಣೆ ಕೆಳಗಿಳಿದ ಮೇಲೆಯೇ ಕಡ್ಡಿ ಅದ್ದಿ ಅಳೆಯುವುದು. ನನ್ನ ಕೈಯಲ್ಲಿದ್ದ ಕೈಪಿಡಿ ಬೇರೆ ಹೇಳುತ್ತಿತ್ತು. ಈ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ ಚಾಲೂ ಇರುವಾಗ, ಬಿಸಿಯಾದ ಮೇಲೆ ಅಳೆಯಬೇಕು. ನಿಲ್ಲಿಸಿದರೆ ಮೇಲಿನ ಎಣ್ಣೆ ಕೆಳಗಿಳಿದು, ಕಡಿಮೆ ಇದ್ದರೂ ತುಂಬಿದಂತೆ ಕಾಣುತ್ತದೆ. ಆ ಪುಟದ ಮೇಲೆ ನನ್ನ ಬೆರಳಿತ್ತು.

ಕಡ್ಡಿ ನೋಡಿ ನೀವು ಅಪ್ಪನ ಕಡೆ ತಿರುಗಿದಿರಿ. “ಗಾಡಿಗೇನೂ ಆಗಿಲ್ರಿ ಸಾಹೇಬ್ರ. ಹೊಡಿಯೋರದ ಏನರ ಇರಬೇಕು. ಅಕ್ಕೋರು ಎಡಗಾಲು ಬ್ರೇಕಿನ ಮ್ಯಾಲ ಇಡ್ತಾರೇನು?”

“ನನ್ನ ಎಡಗಾಲು ತಾನಾಗೇ ಎದ್ದು ಬ್ರೇಕಿನ ತನಾ ಬಂತಂದ್ರ ಊರಿಗೆಲ್ಲಾ ಹೋಳಿಗಿ ಹಂಚತೇನ್ರಿ ಉಸ್ತಾದ್” ಎಂದಳು ಅಕ್ಕ.

ನೀವು ನಕ್ಕಿರಿ. ನಕ್ಕು, “ಇಂಥಾ ಗಾಡಿ ಎಲ್ಲಾರಿಗೂ ಒಗ್ಗಂಗಿಲ್ರಿ, ಮಾರಿಬಿಡ್ರಿ” ಎಂದಿರಿ. ನಾನು ಕೈಪಿಡಿ ಮುಚ್ಚಿದೆ. ಆ ಕ್ಷಣ ನನಗಾದದ್ದು ಸಂತೋಷವೇ; ಅದಕ್ಕೆ ಬೇರೆ ಹೆಸರಿಡಲಾರೆ.

ಕಾರಿನ ಮೇಲೆ ತಾಡಪತ್ರಿಯ ಹೊದಿಕೆ ಬಿತ್ತು. ಮರುದಿನ ಅಕ್ಕ ನನ್ನ ಜೊತೆ ಬಸ್ಸಿಗೆ ಬಂದಳು. ನಾನು ಕಿಟಕಿಯಿಂದ ಚೀಲ ಎಸೆದು ಎರಡು ಸೀಟು ಹಿಡಿದು, ಕಿಟಕಿ ಪಕ್ಕ ಕುಳಿತೆ. ಕೆಳಗೆ ಅವಳು ಬಲಗಾಲು ಮೆಟ್ಟಿಲ ಮೇಲಿಟ್ಟು, ಎಡಗಾಲನ್ನು ಸೀರೆಯ ಸಮೇತ ಕೈಯಿಂದ ಎತ್ತಿಡುತ್ತಿದ್ದಳು. “ಲಗೂ ಹತ್ತವ್ವಾ, ಸುರಪುರ ಇವತ್ತ ಮುಟ್ಟಬೇಕು” ಎಂದ ಕಂಡಕ್ಟರ್. ಇಡೀ ಬಸ್ಸು ನಕ್ಕಿತು. ಬಂದು ಕೂತ ಅಕ್ಕ ಬೆವರು ಒರೆಸಿಕೊಂಡು, “ಕಿಟಕಿ ನಿನಗ ಬೇಕಲ್ಲಾ, ಇರಲಿ” ಎಂದಳು.

ಅಂದು ಸಂಜೆ ತಾಡಪತ್ರಿ ತೆಗೆದೆ. ಅಕ್ಕನನ್ನೇ ಸ್ಟೇರಿಂಗಿಗೆ ಕೂರಿಸಿ ಹತ್ತಿಗುಡೂರಿನವರೆಗೆ ಹೋಗಿ ಬಂದೆವು. ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಎದುರು, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸದೆ ನಿಲ್ಲಿಸಿ ಕಡ್ಡಿ ಎಳೆದೆ. ತುದಿ ಮಾತ್ರ ಒದ್ದೆ; ಕೆಳಗಿನ ಗೆರೆಗೂ ಎಣ್ಣೆ ಮುಟ್ಟಿರಲಿಲ್ಲ. ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದ್ದಿದೆ: ಪೂರ್ತಿ ತುಂಬಿದಂತೆ ತೋರಿಸಿತು.

“ಇದು ನಿನಗ ಯಾವಾಗ ತಿಳೀತು?”

“ಗ್ಯಾರೇಜಿನ್ಯಾಗ ನಿಂತಾಗ ತಿಳಿದಿತ್ತು.”

ಅಕ್ಕ ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಗೆರೆ ನೋಡಿದಳು. “ಹಂಗಾದ್ರ ನಾಳಿಂದ ಕಿಟಕಿ ಸೀಟು ನಂದು” ಎಂದಳು. ಅವಳು ಬೈದಿದ್ದರೆ ಹಗುರವಾಗುತ್ತಿತ್ತು.

ಕೈಪಿಡಿ ಹೇಳಿದ ಎಣ್ಣೆಯನ್ನೇ ತಂದು, ಎಂಜಿನ್ ಚಾಲೂ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಹಾಕಿ ಅಳತೆ ಸರಿಮಾಡಿದೆ. ಕಿರುಚಾಟ ನಿಂತಿತು. ಆದರೆ ಏರಿನಲ್ಲಿ ಸಣ್ಣ ಜಗ್ಗೊಂದು ಉಳಿದಿದೆ: ಎಣ್ಣೆ ಸಾಲದೆ ಓಡಿದ ದಿನಗಳಲ್ಲಿ, ನೀವು ಒಳಗೆ ಹಾಕಿದ, ಗೇರ್ ಹಿಡಿಯುವ ಹೊಸ ಪ್ಲೇಟುಗಳು ಸವೆದಿರಬಹುದು. ಇದನ್ನು ತಿಳಿಸಲು ಬಂದಾಗ, “ಎಷ್ಟ ಟ್ರ್ಯಾಕ್ಟರ್ ಈ ಕೈಯಾಗ ಹೋಗ್ಯಾವ, ನೀ ಪುಸ್ತಕಾ ತಂದು ಕಲಸ್ತಿಯೇನವ್ವಾ?” ಎಂದು ಕಳುಹಿಸಿದಿರಿ. ಅಪ್ಪ ಇನ್ನೂ ನಿಮ್ಮ ಮಾತಿನ ಮೇಲೆಯೇ ನಿಂತಿದ್ದಾನೆ. ನಾನು ಬಾಯಿ ಮುಚ್ಚಿದ್ದನ್ನು ಒಪ್ಪಿಕೊಂಡರೂ ಕದಲಲಿಲ್ಲ. ಬರುವ ವಾರ ವಡಗೇರಾದಿಂದ ಕೊಳ್ಳುವವರು ಕಾರು ನೋಡಲು ಬರುತ್ತಾರೆ.

ಹೊಟ್ಟೆಕಿಚ್ಚು ಇನ್ನೂ ಇದೆ. ಅವಳು ಸ್ಟೇರಿಂಗ್ ತಿರುಗಿಸುವುದನ್ನು ನೋಡಿದರೆ ಈಗಲೂ ಕೈ ತುರಿಸುತ್ತದೆ. ಆದರೆ ಆ ಕಿಚ್ಚನ್ನು ಅವಳನ್ನು ಕೆಳಗಿಳಿಸಲು ಇನ್ನೊಮ್ಮೆ ಬಳಸಲಾರೆ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ: ವಡಗೇರಾದವರು ಬರುವ ಮುನ್ನ, ಎಂಜಿನ್ ಚಾಲೂ ಇಟ್ಟು, ಬಿಸಿಯಾದ ಮೇಲೆ, ಅಪ್ಪ ಮತ್ತು ಅಕ್ಕನ ಎದುರಿನಲ್ಲಿ ತಾವೇ ಎಣ್ಣೆ ಅಳೆಯಬೇಕು; ಆಮೇಲೆ ಆರಿಸಿಯೂ ಅಳೆದು ಎರಡರ ಅಂತರ ತೋರಿಸಬೇಕು. ಗೇರ್‌ಬಾಕ್ಸನ್ನು ಬಿಚ್ಚಿ, ಸವೆದ ಪ್ಲೇಟುಗಳಿದ್ದರೆ ಬದಲಿಸಿಕೊಡಬೇಕು. ಮತ್ತು ದೋಷವಿದ್ದದ್ದು ತಮ್ಮ ಅಳತೆಯಲ್ಲಿ, ನನ್ನ ಅಕ್ಕನ ಕಾಲಿನಲ್ಲಲ್ಲ ಎಂದು ಅಪ್ಪನ ಹೆಸರಿಗೆ ಬರೆದು, ಸಹಿ ಹಾಕಿ ಕೊಡಬೇಕು. ತಮ್ಮ ಉತ್ತರವನ್ನು ಲಿಖಿತವಾಗಿ ನಿರೀಕ್ಷಿಸುತ್ತೇನೆ.