ಮುಟ್ಟಿ ಹೇಳಬೇಕಾದ ಮಾತು

ಕೋವಿಡ್ ಇಳಿದ ಮರುವರ್ಷ ನಾನು ಮೊಳಕಾಲ್ಮುರಿನಲ್ಲಿ ತಹಸೀಲ್ದಾರನಾಗಿದ್ದೆ. ತಹಸೀಲ್ದಾರನಿಗೆ ಪಹಣಿ, ಪಿಂಚಣಿ ಬಿಟ್ಟರೆ ಬೇರೆ ಕೆಲಸವಿಲ್ಲ ಎಂದುಕೊಂಡವರೇ ಹೆಚ್ಚು. ಪೊಲೀಸರು ಹಿಡಿದವನನ್ನು ಸಾಕ್ಷಿ ಗುರುತಿಸುತ್ತಾರೋ ಇಲ್ಲವೋ ಎಂದು ಜೈಲಿನೊಳಗೆ ಪರೀಕ್ಷಿಸುವ ಗುರುತು ಪತ್ತೆ ಪರೇಡ್ ಕೂಡ ಅವನ ತಲೆಗೇ ಬರುತ್ತದೆ.

ದೇವಸಮುದ್ರದ ಕಡೆಯ ಬೋರಮ್ಮ ಶೇಂಗಾ ಕೀಳುವ ಕೂಲಿ ಮುಗಿಸಿ ಸಂಜೆ ಮನೆಗೆ ಬರುವಾಗ ಬೈಕಿನವನೊಬ್ಬ ಆಕೆಯನ್ನು ಕೆಡವಿ ತಾಳಿಸರ ಕಿತ್ತುಕೊಂಡು ಹೋಗಿದ್ದ. ಬಿದ್ದಲ್ಲಿಂದಲೇ ಅವನ ಮುಖ ನೋಡಿದೆ ಎಂದು ಆಕೆ ಹೇಳಿಕೆ ಕೊಟ್ಟಿದ್ದಳು. ಕೆಲವೇ ದಿನಗಳಲ್ಲಿ ಪೊಲೀಸರು ರಾಂಪುರದ ಗೂಡ್ಸ್ ಆಟೋ ಡ್ರೈವರ್ ಓಬಳೇಶನನ್ನು ಅನುಮಾನದ ಮೇಲೆ ಹಿಡಿದರು. ಸರ ಸಿಕ್ಕಿರಲಿಲ್ಲ, ಬೇರೆ ಸಾಕ್ಷಿಯೂ ಇರಲಿಲ್ಲ. ಬೋರಮ್ಮ ಹೌದು ಎಂದರೆ ಆ ಹುಡುಗನ ಬದುಕು ಮೂರಾಬಟ್ಟೆ.

ಪರೇಡಿನ ದಿನ ಪೊಲೀಸರನ್ನೆಲ್ಲ ಹೊರಗೆ ಕಳಿಸಿದೆ. ಓಬಳೇಶನದೇ ವಯಸ್ಸು, ಮೈಕಟ್ಟಿನ ಆರು ಜನರನ್ನು ಸಾಲಾಗಿ ನಿಲ್ಲಿಸಿ, "ನಿನಗೆ ಬೇಕಾದ ಕಡೆ ನಿಂತ್ಕೋ, ಅಂಗಿ ಬೇಕಾದ್ರೂ ಬದಲಾಯಿಸ್ಕೋ" ಎಂದು ಅವನಿಗೆ ಹೇಳಿದೆ. ಅವನು ಅಂಗಿ ಬದಲಾಯಿಸಿ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡ. ಪಕ್ಕದವನು ಸರಿಮಾಡಿಕೊಟ್ಟ.

ಬೋರಮ್ಮ ಒಳಗೆ ಬಂದವಳೇ ನೇರವಾಗಿ ಓಬಳೇಶನ ಮುಂದೆ ನಿಂತಳು.

"ಇವ್ನೇ ಸ್ವಾಮಿ."

ಬರೀ ಬೆರಳು ತೋರಿಸಿದರೆ ಸಾಲದು. ಯಾರೆಂಬ ಗೊಂದಲ ಉಳಿಯದಂತೆ ಮುಟ್ಟಿಯೇ ತೋರಿಸಬೇಕು. "ಮುಟ್ಟಿ ಹೇಳಮ್ಮ" ಎಂದೆ.

ಎತ್ತಿದ ಕೈ ಅಲ್ಲೇ ನಿಂತಿತು. ನಾನು ಹೇಳಿದ್ದು ನಿಯಮದ ಮಾತು. ಆಕೆಗೆ ಒಬ್ಬರ ಮೈ ಮುಟ್ಟಿ ಹೇಳುವುದೆಂದರೆ ಆಣೆ ಮಾಡಿದಂತೆ.

"ಬಾಯಾಗೆ ಹೇಳಿದ್ರೆ ಸಾಲ್ದೇನ್ರೀ?"

"ಸಾಲದು."

ಓಬಳೇಶ ಕಣ್ಣು ಮುಚ್ಚಿಕೊಂಡ. ಆಕೆ ಒಂದು ಹೆಜ್ಜೆ ಹತ್ತಿರ ಬಂದು ಅವನ ಮುಖವನ್ನೇ ನೋಡಿದಳು. ಕೊನೆಗೆ ಕೈ ಕೆಳಗಿಳಿಸಿದಳು.

"ಮುಟ್ಟಿ ಹೇಳಾಕಾಗಲ್ಲ ಸ್ವಾಮಿ. ಕಳ್ಳ ಸಿಕ್ಕ ಅಂತ ನಮ್ಮೂರ ವಾಟ್ಸಾಪ್‌ನಾಗೆ ಇವ್ನ ಫೋಟೋ ಬಂದಿತ್ತು, ನನ್ನ ಮಗ್ಳು ತೋರ್ಸಿದ್ಲು. ಅವತ್ತಿಂದ ಕಣ್ಣು ಮುಚ್ಚಿದ್ರೆ ಇದೇ ಮುಖ. ಸರ ಕಿತ್ತೋನ ಮುಖ ಹೆಂಗಿತ್ತು ಅಂದ್ರೆ ಈಗ ನೆಪ್ಪಿಗೇ ಬರ್ತಿಲ್ಲ."

ಆಕೆ ಮೊದಲು ಹೇಳಿದ್ದೂ ಸುಳ್ಳಲ್ಲ. ಫೋಟೋದ ಮುಖ ಕಳ್ಳನ ಮುಖವನ್ನು ಹೊರಗೆ ತಳ್ಳಿ ಆ ಜಾಗದಲ್ಲಿ ಕೂತಿತ್ತು. ಮುಟ್ಟು ಎನ್ನುವವರೆಗೆ ಅದು ಆಕೆಗೇ ತಿಳಿದಿರಲಿಲ್ಲ.

ಸಾಕ್ಷಿ ಗುರುತಿಸಿಲ್ಲ ಎಂದು ವರದಿ ಬರೆದೆ. ಊರಿನ ಬಸ್ಸಿಗೆ ಹೊರಟಿದ್ದ ಬೋರಮ್ಮನನ್ನು ಗೇಟಿನ ಬಳಿ ನಿಲ್ಲಿಸಿದೆ. "ಇನ್ನು ನಿನ್ನ ಸರ ಸಿಗೋದು ಕಷ್ಟ ಕಣಮ್ಮ" ಎಂದೆ.

"ಹೋಗ್ಲಿ ಬಿಡ್ರಿ. ಅರಿಶಿನದ ಕೊಂಬು ಕಟ್ಕಂತೀನಿ. ಆ ಹುಡ್ಗ ಜೈಲಾಗೇ ಉಳಿದ್ರೆ ಅವ್ರವ್ವ ಏನು ಕಟ್ಕಂತಾಳೆ?"

ಓಬಳೇಶ ನಿಜವಾಗಿ ಕಳ್ಳನೋ ಅಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ಅದನ್ನು ಕಲಿತದ್ದು ಮಾತ್ರ ಆಕೆಯ ಕೈ ಕೆಳಗಿಳಿದಾಗ.