ನಾಲ್ಕನೇ ಪೊಟ್ಟಣ

ನಮ್ಮವರ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು "ಮೂಸೋದು" ಎಂದುಬಿಡುತ್ತಿದ್ದೆ. ನನ್ನ ಅಕ್ಕ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆದರೆ ಸುಳ್ಳೇನಲ್ಲ. ಹಳೇ ಸಿನಿಮಾ ರೀಲುಗಳನ್ನು ಕೂಡಿಡುವ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಅದನ್ನೇ.

ಯಾರೋ ಅಟ್ಟದಿಂದ ಇಳಿಸಿದ ತುಕ್ಕು ಡಬ್ಬಿ ತರುತ್ತಾರೆ. ಇವರು ಬಿಳಿ ಕೈಗವಸು ತೊಟ್ಟು, ಮುಚ್ಚಳ ತೆಗೆದು, ರೀಲಿನ ಬಾಲವನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಮೂಗಿನ ಹತ್ತಿರ ತರುತ್ತಾರೆ. ಫಿಲ್ಮು ಕೆಡಲು ಶುರುವಾದಾಗ ಕಣ್ಣಿಗೆ ಏನೂ ಕಾಣುವುದಿಲ್ಲವಂತೆ, ಮೊದಲು ಬರುವುದು ಹುಳಿ ವಾಸನೆ. ಹುಳಿ ಬಂದಿದ್ದರೆ ಕೆಂಪು ಚೀಟಿ. ಅಂಥದ್ದನ್ನು ಆ ವಾರವೇ ಹೊಸ ಪ್ರತಿ ಮಾಡಿಬಿಡಬೇಕು. ಇಲ್ಲವಾದರೆ ಹಸಿರು ಚೀಟಿ. ಅದು ಡಬ್ಬಿಯೊಳಗೇ ಸರದಿಗಾಗಿ ವರ್ಷ, ಒಂದೂವರೆ ವರ್ಷ ಕಾಯುತ್ತದೆ. ಹುಳಿ ಕಂಡುಹಿಡಿಯಲು ಬಣ್ಣ ಬದಲಿಸುವ ಕಾಗದದ ಪಟ್ಟಿ ಸಿಗುತ್ತದಂತೆ. ಅಲ್ಲಿನ ಮೇಲಧಿಕಾರಿ ಅದನ್ನು ತರಿಸಲೇ ಇಲ್ಲ. "ನಮ್ಮ ಮೂಗಯ್ಯ ಇರೋವಾಗ ಕಾಗದ ಯಾಕೆ?" ಎನ್ನುತ್ತಿದ್ದರು. ಆ ಒಂದು ಮಾತಿಗೆ ನಮ್ಮವರು ಉಬ್ಬಿಹೋಗುತ್ತಿದ್ದರು.

ಬೆಲೆ ಕಟ್ಟುವುದೂ ಅವರೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ, ಬಂದವರಿಗೆಲ್ಲ ತಮ್ಮ ಡಬ್ಬಿ ಚಿನ್ನದ್ದು. ಒಬ್ಬ ಮಹಾರಾಯ ಬ್ಯಾಂಕಿನ ಲಾಕರಿನಲ್ಲಿ ಹತ್ತೊಂಬತ್ತು ವರ್ಷ ಕಾದಿಟ್ಟಿದ್ದ ರೀಲು ಬಿಚ್ಚಿ ನೋಡಿದರೆ ಹಲ್ಲುಪುಡಿಯ ಜಾಹೀರಾತು! ಇವರು ನಗಲಿಲ್ಲವಂತೆ. ಆತನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಮೆಲ್ಲಗೆ ಹೇಳಿದರಂತೆ. "ಬೆಲೆ ಬೇರೆ, ಅಪರೂಪ ಬೇರೆ ಕಣೇ" ಎಂದು ನನಗೂ ಪಾಠ ಮಾಡುತ್ತಿದ್ದರು. "ಇಪ್ಪತ್ತು ಪ್ರತಿ ಇರೋದಕ್ಕೆ ಜನ ಮುಗಿಬೀಳ್ತಾರೆ. ಲೋಕದಲ್ಲಿ ಒಂದೇ ಒಂದು ಇರೋದನ್ನ ಕೇಳೋರೇ ಇರೋಲ್ಲ." ಬೇರೆ ಸಂಗ್ರಹಗಳ ಪಟ್ಟಿಗಳನ್ನೆಲ್ಲ ಹುಡುಕಿ, ಇನ್ನೊಂದು ಪ್ರತಿ ಎಲ್ಲೂ ಇಲ್ಲ ಎಂದು ಖಾತ್ರಿಯಾದ ದಿನ ಊಟವನ್ನೂ ಮರೆಯುತ್ತಿದ್ದರು. ಒಳ್ಳೆಯ ಮನುಷ್ಯ. ಸ್ವಲ್ಪ ಜಂಬ, ಅಷ್ಟೆ.

ಐವತ್ತಾರನೇ ವಯಸ್ಸಿನಲ್ಲಿ ಅವರಿಗೊಂದು ಜ್ವರ ಬಂದು ಹೋಯಿತು. ಅದಾಗಿ ಎರಡು ತಿಂಗಳಿಗೆ, ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕಿ ಇಳಿದು ಬಂದರೆ ಒಲೆಯ ಮೇಲೆ ಹಾಲು ಸೀದು ಕರಕಲು. ಇವರು ಪಕ್ಕದಲ್ಲೇ ಆರಾಮಾಗಿ ಪೇಪರು ಓದುತ್ತ ಕೂತಿದ್ದಾರೆ.

"ರೀ! ಮೂಗೇನು ಅಡವಿಟ್ಟು ಬಂದಿದ್ದೀರಾ?"

ನಾನು ಅಂದದ್ದು ತಮಾಷೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗಾಯಿತು. ಅವರ ಮುಖ ಬಿಳಿಚಿಕೊಂಡಿತು. "ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ ಕಣೇ" ಎಂದರು. "ಸೋಪೂ ಇಲ್ಲ, ಸೀಮೆಎಣ್ಣೆಯೂ ಇಲ್ಲ."

"ಆಫೀಸಿನಲ್ಲಿ ಹೇಳಿಬಿಡಿ."

"ಮೂಗಿಲ್ಲದ ಮೂಗಯ್ಯನ್ನ ಯಾರು ಇಟ್ಕೋತಾರೆ? ಇನ್ನು ಎರಡೇ ವರ್ಷ. ಮರ್ಯಾದೆಯಿಂದ ಮುಗಿಸಿ ಬರ್ತೀನಿ."

ಹಾಗೆ ಶುರುವಾಯಿತು ನಮ್ಮ ಕಳ್ಳ ವ್ಯವಹಾರ. ಪ್ರತಿ ರೀಲಿನ ಕೊನೆಯಲ್ಲೂ ಚಿತ್ರವಿಲ್ಲದ ಖಾಲಿ ಫಿಲ್ಮು ಒಂದಿಷ್ಟು ಇರುತ್ತದೆ. ಅದರಿಂದ ಬೆರಳಗಲ ಕತ್ತರಿಸಿ, ಒಂದೊಂದನ್ನೂ ದಪ್ಪ ಕಾಗದದಲ್ಲಿ ಮಡಿಸಿ, ದಾರ ಕಟ್ಟಿ, ಮೇಲೆ ಸಂಖ್ಯೆ ಬರೆದು ಜೇಬಿನಲ್ಲಿ ತರುತ್ತಿದ್ದರು. ಸಂಜೆ ಚಹಾ ಕುಡಿದ ಮೇಲೆ ನಾನು ಬಿಚ್ಚಿ ಮೂಸಿ "ಹುಳಿ" ಅಥವಾ "ಇಲ್ಲ" ಎನ್ನುವುದು. ಮರುದಿನ ಅವರು ಚೀಟಿ ಬರೆಯುವುದು. ನಿಜ ಹೇಳಲೇ? ನನಗೆ ಖುಷಿಯಾಗಿತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟವಳ ಮಾತಿನ ಮೇಲೆ ಅಷ್ಟು ದೊಡ್ಡ ಉಗ್ರಾಣ ನಡೆಯುತ್ತಿತ್ತು.

ಒಂದು ಸಂಜೆ ಅಕ್ಕನ ಗಂಡ ಮನೆಗೆ ಬಂದಿದ್ದರು. ನಮ್ಮವರು ಅವರ ಮುಂದೆ ಕೂತು ಬಡಾಯಿ ಕೊಚ್ಚತೊಡಗಿದರು. "ಹೋದ ವಾರ ಒಂದು ರೀಲು ಬಂದಿತ್ತು ಭಾವ, ಎಲ್ಲರೂ ಚೆನ್ನಾಗಿದೆ ಅಂದ್ರು. ನಾನು ಹೀಗೆ ಮೂಗಿಗೆ ಹಿಡಿದೆ ನೋಡಿ, ಹುಳಿ! ಇನ್ನೊಂದು ತಿಂಗಳು ಬಿಟ್ಟಿದ್ರೆ ಹೋಗೇ ಹೋಗ್ತಿತ್ತು." ಆ ಹುಳಿ ಹಿಡಿದವಳು ನಾನು. ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೇನೆ, ನನ್ನತ್ತ ಒಂದು ಕಣ್ಣಾದರೂ ಹೊರಳಬೇಡವೇ? ಮೈಯೆಲ್ಲ ಉರಿದುಹೋಯಿತು.

ಭಾವ ಹೊರಟ ಮೇಲೆ ಏನೂ ಆಗಿಲ್ಲವೆಂಬಂತೆ ಐದು ಪೊಟ್ಟಣ ತಂದು ಮೇಜಿನ ಮೇಲಿಟ್ಟರು.

"ನಾನೇನು ನಿಮ್ಮ ಬಾಡಿಗೆ ಮೂಗಾ?"

"ಏ, ಸುಮ್ನಿರೇ. ಇವತ್ತು ಒಬ್ಬ ಮುದುಕ ಬಂದಿದ್ದ, ಹೊಲಿಗೆಯವನು. ನಾಲ್ಕನೇದು ಅವನದು. ಪಾಪ, ಅವನ..."

"ಯಾರದ್ದಾದ್ರೆ ನನಗೇನು?"

ಮೂರು ಪೊಟ್ಟಣ ಬಿಚ್ಚಿ ಮೂಸಿದೆ. ಮೂರೂ ಚೆನ್ನಾಗಿದ್ದವು. ಉಳಿದೆರಡನ್ನು ಅವರತ್ತ ತಳ್ಳಿ, "ಎಲ್ಲಾ ಸರಿಯಾಗಿದೆ, ಬರ್ಕೊಳ್ಳಿ" ಎಂದು ಎದ್ದು ಹೋದೆ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದೆ.

ಮರುದಿನ ನನ್ನ ಸಿಟ್ಟು ತುಸು ಇಳಿದ ಮೇಲೆ ಅವರು ಹೊಲಿಗೆಯವರ ಕತೆ ಹೇಳಿದರು. ಆತ ಒಂದು ಚಿತ್ರ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದರಂತೆ. ತಾಯಿಯಿಲ್ಲದ ಮಗಳು ಯಂತ್ರದ ಕಾಲಡಿಯಲ್ಲೇ ಬೆಳೆದದ್ದು. ಯಾವಾಗಲೂ ಅಂಗಿಯ ಗುಂಡಿಗಳನ್ನು ಹೆಕ್ಕಿ ಪೋಣಿಸುತ್ತ ಕೂತಿರುತ್ತಿದ್ದ ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರಂತೆ. ಒಂದು ದಿನ ನಟಿಸಬೇಕಿದ್ದ ಮಗು ಬರಲಿಲ್ಲವೆಂದು ಆರು ವರ್ಷದ ಗುಂಡಿಗೆ ಫ್ರಾಕು ತೊಡಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಬಾಗಿಲು ತೆರೆದು ಹೊರಗೆ ಓಡಿಬರಬೇಕು, ಅಷ್ಟೆ. ಒಂಬತ್ತನೇ ವಯಸ್ಸಿಗೆ ಆ ಹುಡುಗಿ ತೀರಿಕೊಂಡಳು. ಒಂದು ಫೋಟೋ ಸಹ ಇರಲಿಲ್ಲ. ಕಂಪನಿ ಮುಚ್ಚಿದ ದಿನ ಉಳಿದವರು ಮೇಜು, ದೀಪ, ಫ್ಯಾನು ಹೊತ್ತುಕೊಂಡು ಹೋದರೆ ಈತ ಮಗಳ ದೃಶ್ಯವಿದ್ದ ಒಂದು ಡಬ್ಬಿ ಎತ್ತಿಕೊಂಡು ಬಂದರು. ಚಿತ್ರಮಂದಿರದಲ್ಲಿ ಒಮ್ಮೆ ನೋಡಿದ್ದೇ, ಮತ್ತೆ ನೋಡಿರಲಿಲ್ಲ.

"ಬೆಲೆ ಎಷ್ಟು ಅಂತ ಕೇಳಲೇ ಇಲ್ಲ ಕಣೇ. ಇನ್ನೊಂದ್ಸಲ ನೋಡೋಕಾಗುತ್ತಾ ಅಂತ ಮಾತ್ರ ಕೇಳಿದ್ರು. ಪಟ್ಟಿಯೆಲ್ಲಾ ನೋಡಿದೆ. ಬೇರೆ ಪ್ರತಿ ಎಲ್ಲೂ ಇಲ್ಲ."

ಆಗಲೂ ನಾನು ಬಾಯಿ ಬಿಡಬಹುದಿತ್ತು. "ನಾಲ್ಕನೇದು ಮೂಸಿಲ್ಲ ರೀ, ಇನ್ನೊಂದು ಚೂರು ತನ್ನಿ" ಎಂದಿದ್ದರೆ ಮುಗಿಯುತ್ತಿತ್ತು. ಹತ್ತರಲ್ಲಿ ಒಂಬತ್ತು ಚೆನ್ನಾಗೇ ಇರುತ್ತವೆ, ಇದೂ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದಿನ ದಿನದ ಬಿಗುಮಾನವೂ ಪೂರ್ತಿ ಹೋಗಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ ಎಂದು ನಮ್ಮಮ್ಮ ಎಷ್ಟು ಸಲ ಹೇಳಿದ್ದಳೋ! ನನ್ನ ಕಿವಿಗೆ ಬಿದ್ದರೆ ತಾನೆ.

ಡಬ್ಬಿಗೆ ಹಸಿರು ಚೀಟಿ ಬಿತ್ತು. ಹೊಲಿಗೆಯವರು ತಿಂಗಳಿಗೊಮ್ಮೆ ಉಗ್ರಾಣಕ್ಕೆ ಬಂದು "ನಮ್ಮ ಗುಂಡಿ ಸರದಿ ಬಂತಾ?" ಎಂದು ಕೇಳಿ ಹೋಗುತ್ತಿದ್ದರು. ಹದಿನಾಲ್ಕು ತಿಂಗಳ ಮೇಲೆ ಸರದಿ ಬಂತು. ಮುಚ್ಚಳ ತೆಗೆದಾಗ ಅಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರಂತೆ. ಏನೂ ಗೊತ್ತಾಗದೆ ಡಬ್ಬಿಯ ಮೇಲೆ ಬಗ್ಗಿ ನಿಂತಿದ್ದವರು ನಮ್ಮವರೊಬ್ಬರೇ. ಫಿಲ್ಮೆಲ್ಲ ಒಂದಕ್ಕೊಂದು ಅಂಟಿ, ಒಣಗಿದ ಸೋಪಿನ ಬಿಲ್ಲೆಯಂತೆ ಗಟ್ಟಿಯಾಗಿತ್ತು. ಬಿಡಿಸಲು ಹೋದರೆ ಚಿತ್ರ ಪುಡಿಯಾಗಿ ಉದುರಿತು.

ಅವರು ಅಂದೇ ಮೇಲಧಿಕಾರಿಯ ಮುಂದೆ ನಿಂತು, ತಮಗೆ ವಾಸನೆ ತಿಳಿಯುವುದಿಲ್ಲವೆಂದು ಒಪ್ಪಿಕೊಂಡು ರಾಜೀನಾಮೆ ಕೊಟ್ಟು ಬಂದರು. ನನ್ನ ಸುದ್ದಿಯನ್ನೇ ಎತ್ತಿರಲಿಲ್ಲ. ನನಗೂ ಒಂದು ಕಟು ಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹೊಲಿಗೆಯವರಿಗೆ ನಾನೇ ಹೋಗಿ ಹೇಳ್ಬೇಕು" ಎಂದರು. "ನಾನೂ ಬರ್ತೀನಿ" ಎಂದೆ.

ಎರಡನೇ ಮಹಡಿಯ ಒಂಟಿ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಅಳತೆ ಪಟ್ಟಿ, ನೆಲದ ಮೇಲೆ ತುಂಡು ಬಟ್ಟೆಗಳು. ಎಂಬತ್ತು ದಾಟಿದ ಜೀವ, ನಮ್ಮನ್ನು ಕಂಡದ್ದೇ ಎದ್ದು ನಿಂತಿತು. "ಬಂತಾ ಸರದಿ? ತಡೀರಿ, ಅಂಗಿ ಬದಲಾಯಿಸಿ ಬಂದೆ." ನಮ್ಮವರು ಅವರ ಕೈ ಹಿಡಿದು ಕೂರಿಸಿದರು. "ರೀಲು ಹೋಯ್ತು ಯಜಮಾನ್ರೇ. ನನ್ನ ಮೂಗು ತಪ್ಪಿತು."

"ನಾನೇ ಕೆಡಿಸಿದೆ" ಎಂದರು ಮುದುಕರು. "ಡಬ್ಬಿಗೆ ಬಟ್ಟೆ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ಗಾಳಿ ಆಡ್ಬೇಕು ಅಂತ ನನಗೇನು ಗೊತ್ತು? ಮಗು ಉಸಿರು ಕಟ್ಟಿ ಹೋಯ್ತು. ನಾನೇ ಕೈಯಾರೆ..." ಎನ್ನುತ್ತ ತಮ್ಮ ಅಂಗೈಗಳನ್ನೇ ನೋಡಿಕೊಂಡರು.

ನನ್ನಿಂದ ತಡೆಯಲಾಗಲಿಲ್ಲ. "ಇಲ್ಲ ಅಜ್ಜ. ನೀವು ತಂದ ದಿನ ರೀಲು ಬಿಚ್ಚೋಕೆ ಬರ್ತಿತ್ತು. ಆ ವಾರವೇ ಪ್ರತಿ ಮಾಡಿದ್ರೆ ನೀವು ಅವಳನ್ನ ನೋಡ್ತಿದ್ರಿ. ವಾಸನೆ ನೋಡ್ಬೇಕಾಗಿದ್ದವಳು ನಾನು, ಇವರಲ್ಲ. ಸಿಟ್ಟಲ್ಲಿದ್ದೆ. ಮೂಸದೇ ಸರಿಯಾಗಿದೆ ಅಂದುಬಿಟ್ಟೆ."

ಮುದುಕರು ತಲೆಯೆತ್ತಿ ನನ್ನನ್ನು ನೋಡಿದರು. "ಹಾಗಾದ್ರೆ ನಾನು ಚೆನ್ನಾಗೇ ಇಟ್ಟಿದ್ದೆ" ಎಂದರು. ನಾನು ಹೂಂ ಎಂದೆ. ಅವರು ಗೋಡೆಯತ್ತ ತಿರುಗಿ ಕೂತು ಅಳತೊಡಗಿದರು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಮ್ಮವರು ಒಳಗೇ ಉಳಿದರು.

ಅರ್ಧ ಗಂಟೆಯ ಮೇಲೆ ಬಂದು ನನ್ನ ಪಕ್ಕದ ಮೆಟ್ಟಿಲಲ್ಲಿ ಕುಸಿದು ಕೂತರು. ಈಗಲಾದರೂ ಬೈಯುತ್ತಾರೆ ಎಂದು ಕಾದೆ.

"ನನಗೆ ಅವತ್ತೇ ಗೊತ್ತಿತ್ತು" ಎಂದರು.

"ಏನು?"

"ಬೆಳಿಗ್ಗೆ ಪೊಟ್ಟಣ ಎತ್ಕೊಂಡಾಗ ನಾಲ್ಕನೇದರ ದಾರ ನಾನು ಕಟ್ಟಿದ ಹಾಗೇ ಇತ್ತು. ಐದನೇದೂ ಅಷ್ಟೆ. ನೀನು ಬಿಚ್ಚಿರಲಿಲ್ಲ."

"ಮತ್ತೆ ಹಸಿರು ಚೀಟಿ ಯಾಕ್ರೀ ಬರೆದ್ರಿ?"

"ಮತ್ತೆ ಕೇಳಿದ್ರೆ ಇನ್ನು ಮೂಸೋದೇ ಇಲ್ಲ ಅಂತಿದ್ದೆ ನೀನು. ಆಗ ನನ್ನ ಗತಿ ಏನು ಅಂತ ಹೆದರಿದೆ. ಚೆನ್ನಾಗಿದ್ರೂ ಇರಬಹುದು ಅಂತ ಬರೆದುಬಿಟ್ಟೆ."

ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಅಷ್ಟೇ ಅಳುವೂ ಬಂತು. "ಒಳಗೆ ನಾನೊಬ್ಬಳೇ ತಪ್ಪು ಒಪ್ಕೊಳ್ಳೋವಾಗ ಬಾಯಿಗೆ ಏನಾಗಿತ್ತು ನಿಮಗೆ?"

"ಅದನ್ನ ಹೇಳೋಕೇ ಉಳ್ಕೊಂಡೆ. ಎಲ್ಲಾ ಹೇಳಿ ಬಂದೆ."

"ಏನಂದ್ರು?"

ಅವರು ಮೆಟ್ಟಿಲಿನ ಕಂಬಿ ಹಿಡಿದು ಎದ್ದರು.

"ಇಬ್ಬರೂ ಇನ್ಮೇಲೆ ಈ ಕಡೆ ಬರಬೇಡಿ ಅಂದ್ರು."

ನಾವು ಮತ್ತೆ ಹೋಗಲಿಲ್ಲ.